ಬಿಪಿ, ಶುಗರ್ ಇರುವವರು ಕಷ್ಟದ ದಿನಗಳನ್ನು ದಾಟುವುದು ಹೇಗೆ

ಊಟ ಬದಲಾಗಿಲ್ಲ, ಮಾತ್ರೆ ತಪ್ಪಿಲ್ಲ, ಆದರೂ ಬೆಳಗಿನ ಶುಗರ್ 130ರಿಂದ 180ಕ್ಕೆ ಏರಿದೆ. ಮಗನ ಕೆಲಸ ಹೋಗಿ ಹದಿನೈದು ದಿನವಾಗಿದೆ, ಅಥವಾ ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಅಥವಾ ಸಾಲದ ಎರಡು ಕಂತು ಬಾಕಿ ಬಿದ್ದಿದೆ. ಮೀಟರ್ ಕೆಟ್ಟಿರಬೇಕು ಎಂದು ಹೊಸ ಸ್ಟ್ರಿಪ್ ತರಿಸುವವರಿದ್ದಾರೆ. ಎಷ್ಟೋ ಸಲ ಮೀಟರ್ ಸರಿಯಾಗಿಯೇ ಇರುತ್ತದೆ. ಮನಸ್ಸಿನ ಮೇಲೆ ಬಿದ್ದ ಭಾರವನ್ನೇ ಅದು ತೋರಿಸುತ್ತಿರುತ್ತದೆ.

ಭಯ, ಸಿಟ್ಟು, ಆತಂಕ ಬಂದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ಎದೆಬಡಿತ ಜೋರಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಅದರ ಬೆನ್ನಿಗೇ ಏರುವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು, ಲಿವರ್ ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುವಂತೆ ಮಾಡುತ್ತದೆ. ಇನ್ಸುಲಿನ್ ಎಂದಿನಷ್ಟು ಕೆಲಸ ಮಾಡದಂತೆಯೂ ಮಾಡುತ್ತದೆ. ಓಡಿ ತಪ್ಪಿಸಿಕೊಳ್ಳಬೇಕಾದ ಅಪಾಯಕ್ಕೆ ಇದು ಒಳ್ಳೆಯ ಸಿದ್ಧತೆ. ಆದರೆ ಬ್ಯಾಂಕಿನ ನೋಟಿಸಿಗೆ ಓಡಿ ಪ್ರಯೋಜನವಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಬಿಪಿ ಮೇಲೆಯೇ ನಿಲ್ಲುತ್ತದೆ, ಇದು ತಿಂಗಳುಗಟ್ಟಲೆ ಸಾಗಿದರೆ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. 2004ರಲ್ಲಿ ಪ್ರಕಟವಾದ, 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನ ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳನ್ನು ಗುರುತಿಸಿತು. ಧೂಮಪಾನ, ಬಿಪಿ, ಶುಗರ್‌ಗಳ ಸಾಲಿನಲ್ಲೇ ಮಾನಸಿಕ, ಸಾಮಾಜಿಕ ಒತ್ತಡವೂ ಇತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆಂದೂ ಆ ಅಧ್ಯಯನದಿಂದ ತಿಳಿಯಿತು.

ಒತ್ತಡದಲ್ಲಿ ಬಿಪಿ, ಶುಗರ್ ಏರುವುದನ್ನು ಪೂರ್ತಿ ತಡೆಯಲು ಯಾರಿಂದಲೂ ಆಗದು. ಏರಿದ್ದು ಎಷ್ಟು ಬೇಗ ಇಳಿಯುತ್ತದೆ, ಏರಿದ ದಿನಗಳಲ್ಲಿ ದಿನಚರಿ ಎಷ್ಟು ಉಳಿಯುತ್ತದೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಹೃದಯದ ಮಟ್ಟಿಗೆ ಮನೋಸ್ಥೈರ್ಯ ಅಂದರೆ ಇದೇ. ‘ನನಗೇನೂ ಆಗಿಲ್ಲ’ ಎಂದು ಹಲ್ಲುಕಚ್ಚಿ ಓಡಾಡುತ್ತ, ರಾತ್ರಿ ನಿದ್ದೆಗೆಟ್ಟು, ಮಾತ್ರೆ ಮರೆತು, ಬೇಕರಿ ತಿಂಡಿಯಲ್ಲಿ ದಿನ ದೂಡುವವರನ್ನು ನಾವು ಗಟ್ಟಿಗರೆಂದು ಹೊಗಳುತ್ತೇವೆ. ಅವರ ರಕ್ತನಾಳಗಳಿಗೆ ಆ ಹೊಗಳಿಕೆಯಿಂದ ಏನೂ ಸಿಗುವುದಿಲ್ಲ.

ಮೊದಲು ನಿಮ್ಮ ಮಾಮೂಲಿ ಅಂಕಿ ತಿಳಿದಿರಲಿ

ಇದನ್ನು ನೆಮ್ಮದಿಯ ವಾರದಲ್ಲೇ ಮಾಡಿಡಬೇಕು. ಕಷ್ಟ ಬಂದ ಮೇಲೆ ಅಳೆಯಲು ಕೂತರೆ ಹೋಲಿಸಲು ಹಿಂದಿನ ಅಂಕಿ ಇರುವುದಿಲ್ಲ, ಅದೇ ಇನ್ನೊಂದು ಗಾಬರಿಯಾಗುತ್ತದೆ.

ಮಣಿಕಟ್ಟಿನದು ಬೇಡ, ತೋಳಿಗೆ ಸುತ್ತುವ ಬಿಪಿ ಯಂತ್ರವೇ ಇರಲಿ. ಸುತ್ತುವ ಪಟ್ಟಿಯ (ಕಫ್) ಮೇಲೆ ಇಂತಿಷ್ಟು ಸೆಂ.ಮೀ. ತೋಳಿಗೆ ಎಂದು ಮುದ್ರಿಸಿರುತ್ತಾರೆ. ದರ್ಜಿ ಟೇಪಿನಿಂದ ತೋಳಿನ ನಡುಭಾಗ ಅಳೆದು ಹೊಂದಿಸಿ ನೋಡಿ. ಕಫ್ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಕಾಲು ಅಡ್ಡ ಹಾಕದೆ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಲಿ. ಕಫ್ ಬರಿ ತೋಳಿನ ಮೇಲಿರಲಿ, ಅಂಗಿಯ ಮೇಲೆ ಬೇಡ. ಯಂತ್ರ ಓಡುವಾಗ ಮಾತಾಡಬೇಡಿ. ಮಾತಾಡಿದರೂ ಬಿಪಿ ಏರುತ್ತದೆ. ಬೆಳಿಗ್ಗೆ ತಿಂಡಿ, ಮಾತ್ರೆಗೆ ಮೊದಲು ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ರಾತ್ರಿ ಮಲಗುವ ಮುನ್ನ ಮತ್ತೆರಡು ಸಲ, ಹೀಗೆ ಏಳು ದಿನ ಅಳೆಯಿರಿ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಬೇಕು.

ಅದರ ಜೊತೆಗೆ ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಲ್ಲೇ, 30 ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ ಬರೆದಿಡಿ. ಇದು ಖರ್ಚಿಲ್ಲದ ಅಳತೆ. ನಿಮ್ಮ ಮಾಮೂಲಿ 70 ಆಗಿದ್ದು, ಸತತ ನಾಲ್ಕೈದು ದಿನ 80 ದಾಟುತ್ತಿದ್ದರೆ ರಾತ್ರಿಯ ವಿಶ್ರಾಂತಿಯಲ್ಲೂ ದೇಹ ಇಳಿದಿಲ್ಲ ಎಂದು ಅನುಮಾನಿಸಬಹುದು. ಜ್ವರ, ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ನಾಡಿ ಏರುತ್ತದೆ ಎಂಬುದನ್ನು ಮರೆಯಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಸರಿಹೊಂದದು; ಆ ಮಾತ್ರೆಗಳು ನಾಡಿಯನ್ನು ಹಿಡಿದಿಟ್ಟಿರುತ್ತವೆ.

ಏಳು ದಿನದ ಲೆಕ್ಕ ಮುಗಿದ ಮೇಲೆ ಯಂತ್ರ ಎತ್ತಿಡಿ. ಗಾಬರಿಯಾದಾಗಲೆಲ್ಲ ಬಿಪಿ ನೋಡುವುದು ಗಾಬರಿಗೆ ತುಪ್ಪ ಸುರಿದ ಹಾಗೆ: ಭಯಕ್ಕೆ ಏರಿದ ಅಂಕಿ ಕಂಡು ಭಯ ಹೆಚ್ಚುತ್ತದೆ, ಮತ್ತೆ ಅಳೆದಾಗ ಅಂಕಿ ಇನ್ನೂ ಮೇಲೆ ಹೋಗಿರುತ್ತದೆ.

ಬಿಡಲೇಬಾರದ ನಾಲ್ಕು

ಕಷ್ಟದ ದಿನಗಳಲ್ಲಿ ‘ಎಲ್ಲವನ್ನೂ ಸರಿಯಾಗಿ ಮಾಡುತ್ತೇನೆ’ ಎಂಬ ಸಂಕಲ್ಪ ಮೂರನೇ ದಿನ ಮುರಿಯುತ್ತದೆ, ಮುರಿದ ಬೇಸರದಲ್ಲಿ ಉಳಿದದ್ದೂ ಹೋಗುತ್ತದೆ. ಅದಕ್ಕೆ ಮಾತ್ರೆ, ಏಳುವ ಹೊತ್ತು, ನಡಿಗೆ, ಊಟ, ಈ ನಾಲ್ಕಕ್ಕೆ ಮಾತ್ರ ಒಂದು ಕನಿಷ್ಠ ಮಿತಿ ಹಾಕಿಕೊಳ್ಳಿ. ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.

ಎಲ್ಲಕ್ಕಿಂತ ಮುಖ್ಯ ಮಾತ್ರೆ. ಸಾವಿನ ಮನೆ, ಮದುವೆ ಮನೆ, ಆಸ್ಪತ್ರೆಯ ಕಾರಿಡಾರ್, ಇವು ಮಾತ್ರೆ ತಪ್ಪುವ ಮೂರು ಜಾಗಗಳು. ಏಳು ದಿನದ ಡಬ್ಬಿ ಮನೆಯಲ್ಲಿರಲಿ. ಮೂರು ದಿನಕ್ಕಾಗುವಷ್ಟು ಮಾತ್ರೆ ಮತ್ತು ವೈದ್ಯರ ಚೀಟಿಯ ಫೋಟೊ ಪರ್ಸಿನಲ್ಲೋ ಬ್ಯಾಗಿನಲ್ಲೋ ಸದಾ ಇರಲಿ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮೆಟೊಪ್ರೊಲಾಲ್ ತರಹದ ಮಾತ್ರೆ ಥಟ್ಟನೆ ಬಿಟ್ಟರೆ ಎದೆಬಡಿತ, ಎದೆನೋವು ಮರುಕಳಿಸಬಹುದು. ನಿನ್ನೆಯದು ತಪ್ಪಿತೆಂದು ಇವತ್ತು ಎರಡು ನುಂಗುವುದು ಬೇಡ.

ಶುಗರ್ ಮಾತ್ರೆಯಲ್ಲಿ ಇನ್ನೊಂದು ಎಚ್ಚರ ಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಊಟದ ಜೊತೆಗಿನ ಮಾತ್ರೆಗಳು. ಸೂತಕದ ಮನೆಯಲ್ಲಿ ಒಲೆ ಹೊತ್ತದ ದಿನ, ಉಪವಾಸದ ದಿನ ಇವನ್ನು ನುಂಗಿ ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ತೆಗೆದುಕೊಳ್ಳುವವರು ಊಟ, ನೀರು ಬಿಟ್ಟರೆ ಅಥವಾ ವಾಂತಿಯಾಗುತ್ತಿದ್ದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಏರುವ ತೊಂದರೆ ಬರಬಹುದು. ಊಟ ತಪ್ಪುವ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಮುಂದಿನ ಭೇಟಿಯಲ್ಲೇ ವೈದ್ಯರನ್ನು ಕೇಳಿ, ಅದೇ ಚೀಟಿಯಲ್ಲಿ ಬರೆದುಕೊಳ್ಳಿ. ಇನ್ಸುಲಿನ್ ಹಾಕಿಕೊಳ್ಳುವವರು ಕೇಳದೆ ಪೂರ್ತಿ ನಿಲ್ಲಿಸಲೇಬಾರದು.

ನಿದ್ದೆಗೆ ಕನಿಷ್ಠ ಮಿತಿ ಅಂದರೆ ಏಳುವ ಹೊತ್ತು. ಎಷ್ಟು ಹೊತ್ತಿಗೆ ನಿದ್ದೆ ಬರಬೇಕು ಎಂಬುದು ನಮ್ಮ ಹಿಡಿತದಲ್ಲಿಲ್ಲ, ಎಷ್ಟಕ್ಕೆ ಏಳಬೇಕು ಎಂಬುದು ಇದೆ. ರಾತ್ರಿ ಒಂದಕ್ಕೆ ಕಣ್ಣು ಮುಚ್ಚಿದರೂ ಆರಕ್ಕೆ ಏಳುವವರು ಆರೂವರೆಗಿಂತ ತಡಮಾಡಬೇಡಿ. ಮರುದಿನ ರಾತ್ರಿ ನಿದ್ದೆ ತಾನಾಗಿ ಬೇಗ ಹತ್ತುತ್ತದೆ. ಸುಮಾರು ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂತು, ತೂಕಡಿಕೆ ಬಂದಾಗ ಮತ್ತೆ ಮಲಗಿ. ಮಧ್ಯಾಹ್ನ ಎರಡರ ನಂತರ ಕಾಫಿ, ಟೀ ಬೇಡ. ನಿದ್ದೆಗೆಂದು ಕುಡಿಯುವ ಒಂದು ಪೆಗ್ ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು, ಹಗಲಲ್ಲಿ ತೂಕಡಿಕೆ ಇದ್ದು, ಮೂರು ಬಗೆಯ ಮಾತ್ರೆ ತೆಗೆದುಕೊಂಡರೂ ಬಿಪಿ ಇಳಿಯದಿದ್ದರೆ, ಅದನ್ನು ಚಿಂತೆಯ ಲೆಕ್ಕಕ್ಕೆ ಹಾಕಬೇಡಿ. ಸ್ಲೀಪ್ ಆಪ್ನಿಯ ಪರೀಕ್ಷೆ ಮಾಡಿಸಬೇಕು.

ನಡಿಗೆಗೆ ವಾರಕ್ಕೆ 150 ನಿಮಿಷ ಎನ್ನುವುದು ಒಳ್ಳೆಯ ದಿನಗಳ ಗುರಿ. ಕಷ್ಟದ ದಿನಗಳ ಗುರಿ ಇಷ್ಟೇ: ದಿನದ ದೊಡ್ಡ ಊಟವಾದ ಅರ್ಧ ಗಂಟೆಯೊಳಗೆ ಹತ್ತು ನಿಮಿಷ. ಆಗಷ್ಟೇ ರಕ್ತಕ್ಕೆ ಬರುತ್ತಿರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಹೀರಿಕೊಳ್ಳುತ್ತವೆ, ಇನ್ಸುಲಿನ್ ಕಡಿಮೆ ಇದ್ದರೂ ಹೀರುತ್ತವೆ. ಆಸ್ಪತ್ರೆಯ ಆವರಣ, ಮನೆಯ ತಾರಸಿ, ಹಿತ್ತಲು, ಎಲ್ಲಾದರೂ ಸರಿ. ಹೃದಯಾಘಾತವಾಗಿ ಈಚೆಗೆ ಮನೆಗೆ ಬಂದವರು, ನಡೆದಾಗ ಎದೆ ಹಿಡಿದುಕೊಳ್ಳುವವರು ವೈದ್ಯರು ಹೇಳಿದಷ್ಟೇ ನಡೆಯಬೇಕು.

ಊಟದಲ್ಲಿ ನೆನಪಿಡಬೇಕಾದದ್ದು ಒಂದೇ: ಬಿಟ್ಟ ಊಟಕ್ಕಿಂತ ಅದರ ಜಾಗಕ್ಕೆ ಬರುವ ಬನ್, ಬಿಸ್ಕೆಟ್, ಮಿಕ್ಸ್ಚರ್, ನಾಲ್ಕನೇ ಕಪ್ ಸಕ್ಕರೆ ಕಾಫಿ ಹೆಚ್ಚು ಕೆಡಿಸುತ್ತವೆ. ಅಡುಗೆ ಮಾಡಲಾಗದ ದಿನಕ್ಕೆಂದು ಹುರಿಗಡಲೆ, ಶೇಂಗಾ ಡಬ್ಬಿಯಲ್ಲಿರಲಿ. ಬೇಯಿಸಿದ ಎರಡು ಮೊಟ್ಟೆ, ಹೆಸರುಕಾಳಿನ ಉಸ್ಲಿ, ಸೀಬೆಹಣ್ಣು, ಉಪ್ಪು ಹಾಕದ ಮಜ್ಜಿಗೆ, ಇವೇ ಸಾಕು. ಮನಸ್ಸು ಸರಿ ಇಲ್ಲದಾಗ ಬರಿ ಉಪ್ಪಿನಕಾಯಿ, ಹಪ್ಪಳದಲ್ಲಿ ಅನ್ನ ಮುಗಿಸುವ ರೂಢಿ ಹಲವು ಮನೆಗಳಲ್ಲಿದೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗಿರಬೇಕು. ಉಪ್ಪಿನಕಾಯಿ ಹೆಚ್ಚಾದರೆ ಬಿಪಿ ಅದನ್ನು ತೋರಿಸಬಹುದು.

ಬೀಡಿ, ಸಿಗರೇಟು, ಗುಟ್ಕಾ ಬಿಟ್ಟವರು ಮತ್ತೆ ಕೈಹಾಕುವುದು ಇಂಥ ವಾರಗಳಲ್ಲೇ. ಬೇಕೆನ್ನುವ ತುಡಿತ ಕೆಲವು ನಿಮಿಷ ಇದ್ದು ಇಳಿಯುತ್ತದೆ. ಆ ಹೊತ್ತನ್ನು ಅಂಗಡಿಯಿಂದ ದೂರ ಕಳೆಯುವುದೇ ಉಪಾಯ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356.

ಉಸಿರಿನಿಂದ ಇಳಿಸುವುದು

ನಿಧಾನ ಉಸಿರಾಟ, ಅದರಲ್ಲೂ ಉದ್ದನೆಯ ನಿಶ್ವಾಸ, ಎದೆಬಡಿತವನ್ನು ತಗ್ಗಿಸುವ ವೇಗಸ್ ನರವನ್ನು ಚುರುಕಾಗಿಸುತ್ತದೆ. ನಿಮಿಷಕ್ಕೆ ಸುಮಾರು ಆರು ಉಸಿರಿನ ವೇಗದಲ್ಲಿ ರಕ್ತದೊತ್ತಡವನ್ನು ಸರಿತೂಗಿಸುವ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ.

1. ಕುರ್ಚಿಗೆ ಬೆನ್ನು ಒರಗಿಸಿ ಕೂತು, ಒಂದು ಕೈ ಹೊಟ್ಟೆಯ ಮೇಲಿಡಿ.
2. ಮೂಗಿನಿಂದ ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆಯಿರಿ. ಹೊಟ್ಟೆಯ ಮೇಲಿನ ಕೈ ಮೇಲೇಳಬೇಕು, ಹೆಗಲು ಏಳಬಾರದು.
3. ಹಿಡಿದಿಡದೆ, ಆರು ಎಣಿಸುವಷ್ಟು ಹೊತ್ತು ಮೂಗಿನಿಂದಲೋ ತುಸು ತೆರೆದ ತುಟಿಯಿಂದಲೋ ಬಿಡಿ.
4. ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು ನಿಮಿಷ. ದಿನಕ್ಕೆ ಒಂದು ಸಲ, ಹೊತ್ತು ಗೊತ್ತುಮಾಡಿಕೊಂಡು.

ತಪ್ಪುವುದು ಸಾಮಾನ್ಯವಾಗಿ ಎರಡನೇ ಹೆಜ್ಜೆಯಲ್ಲಿ. ‘ದೀರ್ಘ ಉಸಿರು’ ಅಂದ ಕೂಡಲೇ ಎದೆತುಂಬ ಗಾಳಿ ಎಳೆದುಕೊಳ್ಳುತ್ತಾರೆ. ಹಾಗೆ ಹೆಚ್ಚು ಗಾಳಿ ಎಳೆದು ಬಿಟ್ಟರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು, ತುಟಿ ಜುಮ್ಮೆನ್ನುತ್ತವೆ, ‘ಇದೇನೋ ಆಯಿತು’ ಎಂಬ ಹೊಸ ಹೆದರಿಕೆ ಹುಟ್ಟುತ್ತದೆ. ಉಸಿರು ಚಿಕ್ಕದಾಗಿರಲಿ, ನಿಧಾನವಾಗಿರಲಿ. ಪಕ್ಕದಲ್ಲಿ ಕೂತವರಿಗೆ ಕೇಳಿಸಬಾರದು. ಬಿಪಿ ಹಿಡಿತದಲ್ಲಿಲ್ಲದವರು, ಈಚೆಗೆ ಹೃದಯಾಘಾತವಾದವರು ಕಪಾಲಭಾತಿ, ಭಸ್ತ್ರಿಕಾ, ಕುಂಭಕ ಮಾಡಬಾರದು. ಇನ್ನೊಂದು ತಪ್ಪು, ಜಗಳದ ನಡುವೆ ಮೊದಲ ಸಲ ಪ್ರಯತ್ನಿಸುವುದು. ನೆಮ್ಮದಿಯ ದಿನಗಳಲ್ಲಿ ರೂಢಿಯಾದರೆ ಮಾತ್ರ ಬೇಕಾದಾಗ ಕೈಗೆ ಸಿಗುತ್ತದೆ. ಇದರಿಂದ ಬಿಪಿ ಇಳಿಯುವುದು ಕೆಲವೇ ಅಂಕಿಯಷ್ಟು. ಮಾತ್ರೆ ನಿಲ್ಲಿಸಲು ಇದು ಆಧಾರವಲ್ಲ.

ಸಿಟ್ಟಿನ ಬಗ್ಗೆ ಒಂದು ಮಾತು. ಜೋರು ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಒಂದು ಸಲದ ಸಿಟ್ಟಿಗೆ ಈ ಅಪಾಯ ತೀರ ಸಣ್ಣದು. ಈಗಾಗಲೇ ಹೃದಯದ ತೊಂದರೆ ಇದ್ದು, ದಿನಕ್ಕೆ ನಾಲ್ಕು ಸಲ ಕೂಗಾಡುವವರಲ್ಲಿ ಮಾತ್ರ ಅದು ಕೂಡುತ್ತ ಹೋಗುತ್ತದೆ. ದನಿ ಏರಿತು ಅನ್ನಿಸಿದ ತಕ್ಷಣ ಆ ಕೋಣೆಯಿಂದ ಹೊರಬಂದು ಹತ್ತು ನಿಮಿಷ ನಡೆಯುವುದು, ಅಲ್ಲೇ ನಿಂತು ಸಿಟ್ಟು ನುಂಗುವುದಕ್ಕಿಂತ ಮೇಲು.

ಚಿಂತೆಗೆ ಒಂದು ಹೊತ್ತು, ಒಂದು ಹಾಳೆ

‘ಚಿಂತೆ ಮಾಡಬೇಡಿ’ ಎಂಬ ಸಲಹೆಯಿಂದ ಯಾರಿಗೂ ಉಪಯೋಗವಾದದ್ದಿಲ್ಲ. ಬದಲಿಗೆ ಸಂಜೆ ಆರಕ್ಕೋ ಆರೂವರೆಗೋ ಹದಿನೈದು ನಿಮಿಷ ಚಿಂತೆಗೆಂದೇ ಇಡಿ. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಒಂದು ಪದದಲ್ಲಿ ಗುರುತು ಹಾಕಿ ಸಂಜೆಗೆ ಮುಂದೂಡಿ. ಮಲಗುವ ಹೊತ್ತಿಗೆ ಹತ್ತಿರ ಇಟ್ಟುಕೊಂಡರೆ ನಿದ್ದೆ ಕೆಡುತ್ತದೆ.

ಹಾಳೆಯಲ್ಲಿ ಮೂರು ಅಂಕಣ: ನಾನೇ ಮಾಡುವುದು, ಯಾರನ್ನಾದರೂ ಕೇಳುವುದು, ಕಾಯುವುದು. ಉದಾಹರಣೆಗೆ ಒಬ್ಬ ಅಡಿಕೆ ಬೆಳೆಗಾರರ ಹಾಳೆ ಹೀಗಿರಬಹುದು. ನಾನೇ ಮಾಡುವುದು: ನಾಳೆ ಹನ್ನೊಂದಕ್ಕೆ ಸೊಸೈಟಿಗೆ ಹೋಗಿ ಸಾಲದ ಬಡ್ಡಿ ಎಷ್ಟಾಗಿದೆ ಎಂದು ಬರೆಸಿಕೊಂಡು ಬರುವುದು. ಕೇಳುವುದು: ಮಗಳ ಎರಡನೇ ಕಂತಿನ ಫೀಸು ತಿಂಗಳ ಕೊನೆಗೆ ಕಟ್ಟಬಹುದೇ ಎಂದು ಕಾಲೇಜಿಗೆ ಫೋನ್ ಮಾಡಲು ಭಾವನಿಗೆ ಹೇಳುವುದು. ಕಾಯುವುದು: ಎಲೆಚುಕ್ಕಿ ರೋಗಕ್ಕೆ ಹೊಡೆದ ಔಷಧ ಹಿಡಿದಿದೆಯೇ ಎಂದು ಎರಡು ವಾರ ಬಿಟ್ಟು ನೋಡುವುದು. ಮೊದಲ ಅಂಕಣದಲ್ಲಿ ಒಂದೇ ಕೆಲಸ, ದಿನ ಮತ್ತು ಹೊತ್ತಿನ ಸಮೇತ. ‘ಸಾಲ ತೀರಿಸುವುದು’ ಎಂದು ಬರೆದರೆ ಅದು ಚಿಂತೆಯಾಗಿಯೇ ಉಳಿಯುತ್ತದೆ.

ನಡುವಿನ ಅಂಕಣವೇ ನಮ್ಮ ಕಡೆ ಖಾಲಿ ಉಳಿಯುವುದು, ಅದರಲ್ಲೂ ಗಂಡಸರ ಹಾಳೆಯಲ್ಲಿ. ಒಂಟಿತನ ಹೃದಯಕ್ಕೂ ಕೆಡುಕು ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಸಹಾಯ ಕೇಳುವಾಗ ಸಣ್ಣದು, ನಿರ್ದಿಷ್ಟವಾದದ್ದು ಕೇಳಿ: ‘ಅಕ್ಕ, ಗುರುವಾರ ರಾತ್ರಿ ಅಮ್ಮನ ಹತ್ತಿರ ಆಸ್ಪತ್ರೆಯಲ್ಲಿ ಇರ್ತೀಯಾ? ನಾನು ಒಂದು ರಾತ್ರಿ ಮನೇಲಿ ಮಲಗ್ಬೇಕು.’ ಹೀಗೆ ಕೇಳಿದರೆ ಹೂಂ ಅನ್ನುವವರು ಸಿಗುತ್ತಾರೆ.

ಟೆನ್ಷನ್, ಲೋ ಶುಗರ್, ಹೃದಯಾಘಾತ: ಗೊಂದಲವಾಗುವ ಮೂರು

ಕೈ ನಡುಕ, ಬೆವರು, ಎದೆ ಡವಡವ, ಇವು ಗಾಬರಿಯಲ್ಲೂ ಬರುತ್ತವೆ, ಶುಗರ್ ಇಳಿದಾಗಲೂ ಬರುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಊಟ ಮಾಡಿ. ಪೇಡ, ಚಾಕಲೇಟು ಬೇಡ, ಅವುಗಳ ಕೊಬ್ಬು ಸಕ್ಕರೆಯನ್ನು ತಡವಾಗಿ ಬಿಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮೀಟರ್ ಇಲ್ಲದಿದ್ದರೆ ಶುಗರ್ ಇಳಿದಿದೆ ಎಂದೇ ತಿಳಿದು ಸಕ್ಕರೆ ನೀರು ಕೊಡಿ. ಬಹುಕಾಲ 250, 300ರಲ್ಲಿದ್ದವರಿಗೆ 110ಕ್ಕೆ ಇಳಿದಾಗಲೇ ನಡುಕ ಬರುವುದುಂಟು. ಅದು ದೇಹ ಒಗ್ಗಿಕೊಳ್ಳುವ ಹಂತ, ಸಕ್ಕರೆ ಬೇಕಿಲ್ಲ. ಮೆಟೊಪ್ರೊಲಾಲ್ ತರಹದ ಮಾತ್ರೆ ನುಂಗುವವರಲ್ಲಿ ನಡುಕ, ಡವಡವ ಕಾಣದೆ ಬರಿ ಬೆವರು ಮಾತ್ರ ಕಾಣಬಹುದು.

ಎದೆಯ ವಿಷಯದಲ್ಲಿ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಎದೆ ನಡುವೆ ಭಾರ, ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಸಾಲದಿರುವುದು ಕೆಲವು ನಿಮಿಷ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಸ್ವಂತ ಬೈಕ್ ಓಡಿಸಿಕೊಂಡು ಹೋಗಬೇಡಿ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರಿ ಸುಸ್ತು, ವಾಕರಿಕೆ, ಉಬ್ಬಸ ಕಾಣಬಹುದು. ‘ಗ್ಯಾಸ್’ ಎಂದು ಕಳೆದ ಎರಡು ಗಂಟೆ ಹೃದಯದ ಸ್ನಾಯುವನ್ನೇ ಕಳೆಯುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಸಿ. ಮೊದಲ ಇಸಿಜಿ ಸರಿ ಇದ್ದರೂ ನೋವು ಮುಂದುವರಿದರೆ ಮತ್ತೊಮ್ಮೆ ಇಸಿಜಿ, ಟ್ರೊಪೊನಿನ್ ರಕ್ತಪರೀಕ್ಷೆ ಬೇಕಾಗುತ್ತದೆ. ಬಿಪಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಬಲಹೀನತೆ, ಮಾತು ತೊದಲುವಿಕೆ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇವು ಯಾವುವೂ ಇಲ್ಲದಿದ್ದರೆ ಐದು ನಿಮಿಷ ಕೂತು ಮತ್ತೆ ಅಳೆದು, ಆಗಲೂ ಅಷ್ಟೇ ಇದ್ದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ.

2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ನಿಂತಿತು. ಅಂಥ ಭಯ ಬಂದಾಗ, ಯಾವ ಲಕ್ಷಣವೂ ಇಲ್ಲದವರು ಮಾಡಿಸಬೇಕಾದದ್ದು ಬಿಪಿ, ಕೊಲೆಸ್ಟರಾಲ್, ಎಚ್‌ಬಿಎ1ಸಿ ಎಂಬ ಶುಗರ್ ರಕ್ತಪರೀಕ್ಷೆ. ಇವು ಊರಿನಲ್ಲೇ ಆಗುತ್ತವೆ.

ಒತ್ತಡಕ್ಕಿಂತ ಆಚಿನದು

ಹೃದಯಾಘಾತವಾದ ಸುಮಾರು ಐವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಮನೆಯವರು ಅದನ್ನು ‘ಸುಸ್ತು’ ಎಂದುಕೊಳ್ಳುತ್ತಾರೆ. ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿ, ಮುಂದೆ ದಾರಿಯೇ ಇಲ್ಲ ಅನ್ನಿಸಿದೆಯೇ? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ಪ್ರತಿದಿನ 3. ಎರಡರ ಮೊತ್ತ 3 ಅಥವಾ ಹೆಚ್ಚಾದರೆ ವೈದ್ಯರ ಹತ್ತಿರ ಮಾತಾಡಬೇಕು. ಉಸಿರಾಟ, ನಡಿಗೆ, ಹಾಳೆ ಇಲ್ಲಿಗೆ ಸಾಲವು. ಬದುಕು ಬೇಡ ಅನ್ನಿಸಿದರೆ ಮೊತ್ತ ಎಷ್ಟೇ ಇರಲಿ, ಆ ಹೊತ್ತೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಖಿನ್ನತೆಯ ಮಾತ್ರೆ ಹೃದಯಕ್ಕೆ ಕೆಟ್ಟದೆಂಬ ಭಯ ಬೇಡ. ಹೃದಯಾಘಾತವಾದವರಲ್ಲೇ ಸರ್ಟ್ರಲಿನ್ ಕೊಟ್ಟು ನಡೆಸಿದ, 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹೃದಯಕ್ಕೆ ಸುರಕ್ಷಿತವೆಂದು ಕಂಡಿತು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳನ್ನು ಹೃದಯದ ತೊಂದರೆ ಇರುವವರಲ್ಲಿ ಸಾಮಾನ್ಯವಾಗಿ ದೂರವಿಡುತ್ತಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಸರ್ಟ್ರಲಿನ್ ಸೇರಿದರೆ ರಕ್ತಸ್ರಾವದ ಸಾಧ್ಯತೆ ತುಸು ಹೆಚ್ಚುತ್ತದೆ, ಆದ್ದರಿಂದ ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಮನೋವೈದ್ಯರಿಗೆ ತೋರಿಸಿ. ಖಿನ್ನತೆ ಗುಣವಾದರೆ ಎರಡನೇ ಹೃದಯಾಘಾತ ತಪ್ಪುತ್ತದೆ ಎಂದು ಭರವಸೆ ಕೊಡಲಾಗದು; 2003ರ ಒಂದು ದೊಡ್ಡ ಪರೀಕ್ಷೆಯಲ್ಲಿ ಮನಸ್ಸು ಸುಧಾರಿಸಿತು, ಸಾವಿನ ಸಂಖ್ಯೆ ಇಳಿಯಲಿಲ್ಲ. ಆದರೂ ಖಿನ್ನತೆಗೆ ಚಿಕಿತ್ಸೆ ಬೇಕು. ಅದು ಬದುಕನ್ನೇ ಕಿತ್ತುಕೊಳ್ಳುವ ಕಾಯಿಲೆ, ಆ ಕಾರಣವೊಂದೇ ಸಾಕು.

ಕಷ್ಟದ ದಿನಗಳು ಕಳೆದು ಎರಡು ವಾರವಾದ ಮೇಲೆ ಬಿಪಿ ಯಂತ್ರವನ್ನು ಮತ್ತೆ ಹೊರತೆಗೆದು ಏಳು ದಿನದ ಲೆಕ್ಕ ಮಾಡಿ. ಹಳೆಯ ಸರಾಸರಿಗೆ ಮರಳಿದ್ದರೆ ಮಾತ್ರೆಯ ಪ್ರಮಾಣ ಬದಲಿಸುವ ಅಗತ್ಯ ಬೀಳದಿರಬಹುದು. ಮರಳದಿದ್ದರೆ ಅಂಕಿ ಬರೆದಿಟ್ಟ ಪುಸ್ತಕವನ್ನೇ ವೈದ್ಯರ ಮುಂದಿಡಿ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ, ಒಂದು ಕೆಟ್ಟ ವಾರದಿಂದ ಅದು ಹೆಚ್ಚು ಅಲುಗುವುದಿಲ್ಲ. ಪರೀಕ್ಷೆಯನ್ನು ಎಂದಿನ ಸಮಯಕ್ಕೇ ಮಾಡಿಸಿ, ಮನೆಯಲ್ಲಿ ಇಂತಿಂಥ ದಿನಗಳು ಹೀಗಿದ್ದವು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಏರಿದ ಅಂಕಿ ನೋಡಿ ಅವರು ಮಾತ್ರೆ ಹೆಚ್ಚಿಸಬಹುದು, ಒತ್ತಡ ಇಳಿದ ಮುಂದಿನ ತಿಂಗಳು ಅದೇ ಮಾತ್ರೆಗೆ ಶುಗರ್ 60ಕ್ಕೆ ಬೀಳಬಹುದು.